‘ಅಮ್ಮ, ಊಟ ಆಯ್ತಾ?’ ಎಂದು ಕೇಳಿದ್ದು ಯಾರು?

ಮಕ್ಕಳು ದೂರದ ಊರಿನಲ್ಲಿದ್ದರೆ ತಾಯಂದಿರಿಗೆ ಒಂದೇ ಚಿಂತೆ. ಹೊಟ್ಟೆಗೆ ಏನಾದರೂ ತಿಂದರೋ ಇಲ್ಲವೋ! ದಕ್ಷಿಣ ಕೊರಿಯಾದ ಕಡಲತೀರದ ಊರು ತೊಂಗ್ಯೊಂಗ್‌ನ ಮೀನು ಮಾರುಕಟ್ಟೆಯಲ್ಲಿ ಈ ಚಿಂತೆ ಇಲ್ಲದ ಅಂಗಡಿಯೇ ಇಲ್ಲ. ಒಬ್ಬರ ಮಗ ಬುಸಾನ್ ಬಂದರಿನಲ್ಲಿ, ಇನ್ನೊಬ್ಬರ ಮಗಳು ಸಿಯೋಲ್‌ನ ಆಸ್ಪತ್ರೆಯಲ್ಲಿ. ಆದರೆ ಒಣಮೀನು ಮಾರುವ ನಮ್ಮ ಅಮ್ಮನಿಗೆ ಆ ಚಿಂತೆ ಇರಲಿಲ್ಲ. ಅವಳ ಮಗಳು ದಿನಾ ಮಧ್ಯಾಹ್ನ ತಾನೇ ವಿಚಾರಿಸಿಕೊಳ್ಳುತ್ತಿದ್ದಳು.

“ಅಮ್ಮ, ಊಟ ಆಯ್ತಾ? ನಾನೀಗ ತಾನೇ ತಿಂದೆ. ಇವತ್ತೂ ಖುಷಿಯಾಗಿರೋಣ!”

ಫೋನ್ ಟಿಣ್ ಎಂದ ಕೂಡಲೇ ಅಮ್ಮ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡು, ಅದನ್ನು ಎದುರಂಗಡಿಗೆ ಕೇಳುವಷ್ಟು ಜೋರಾಗಿ ಓದುತ್ತಿದ್ದಳು.

ಆ ಮಗಳು ನನ್ನ ತಂಗಿ ಹೇರಿಮ್. ಐದು ಹುಡುಗಿಯರ ತಂಡದಲ್ಲಿ ಹಾಡಿ ಕುಣಿಯುವವಳು. ಮೊದಲು ಮಾರುಕಟ್ಟೆಯವರು ಅಮ್ಮನನ್ನು ದೊಡ್ಡ ಮಗಳಾದ ನನ್ನ ಹೆಸರು ಹಿಡಿದು ‘ಇನ್ಸೊ ಅಮ್ಮ’ ಎನ್ನುತ್ತಿದ್ದರು. ತಂಗಿ ಟಿವಿಯಲ್ಲಿ ಕಾಣಿಸಿಕೊಂಡ ಮರುದಿನದಿಂದ ‘ಹೇರಿಮ್ ಅಮ್ಮ’ ಆಯಿತು. ಪದವಿ ಮುಗಿಸಿ ಅಂಗಡಿಯಲ್ಲಿ ತಕ್ಕಡಿ ಹಿಡಿದು ಕೂತ ನನಗೆ ಅದರಿಂದ ಬೇಸರವಾಗಲಿಲ್ಲ. ಯಾರಾದರೂ ಹೆಸರು ಹಿಡಿದು ಕರೆದರೆ ಓಗೊಡಲೂ ನಾಚುವವಳು ನಾನು.

ಆ ಸಂದೇಶಗಳ ವಿಷಯ ಸ್ವಲ್ಪ ಹೇಳಬೇಕು. ಅದು ಹಾಡುಗಾರರ ಕಂಪನಿ ನಡೆಸುವ ಒಂದು ಆ್ಯಪ್. ತಿಂಗಳು ತಿಂಗಳು ದುಡ್ಡು ಕಟ್ಟಿದರೆ, ಹಾಡುಗಾರ್ತಿ ಬರೆದ ಮಾತು ನಿಮಗೊಬ್ಬರಿಗೇ ಬರೆದಂತೆ ಬರುತ್ತದೆ. ನೀವು ಯಾವ ಹೆಸರು ಕೊಟ್ಟಿರುತ್ತೀರೋ ಆ ಹೆಸರು ಹಿಡಿದೇ ಕರೆಯುತ್ತದೆ. ನೀವೂ ಉತ್ತರ ಬರೆಯಬಹುದು. ಅಮ್ಮ ತನ್ನ ಹೆಸರಿನ ಜಾಗದಲ್ಲಿ ‘ಅಮ್ಮ’ ಎಂದು ಬರೆದಿದ್ದಳು. ಅದೇ ಸಂದೇಶ ಅದೇ ಗಳಿಗೆಯಲ್ಲಿ ಸಾವಿರಾರು ಜನರಿಗೆ, ಅವರವರ ಹೆಸರಿನಲ್ಲಿ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮರೆತಿದ್ದಳು. ಯಾವ ತಾಯಿ ಮರೆಯುವುದಿಲ್ಲ?

ಹೇರಿಮ್‌ಳ ಸ್ವಂತ ಫೋನ್ ಕಂಪನಿಯ ವಶದಲ್ಲಿತ್ತು. ತಂಡ ಗಟ್ಟಿಯಾಗಿ ನೆಲೆ ನಿಲ್ಲುವವರೆಗೆ ಫೋನ್ ಬೇಡ ಎಂಬುದು ಅವರ ನಿಯಮ. ಆ್ಯಪ್‌ನಲ್ಲಿ ಬರೆಯಲು ಕಂಪನಿಯದೇ ಫೋನ್. ಭಾನುವಾರ ಮ್ಯಾನೇಜರನ ಫೋನಿನಿಂದ ನಾಲ್ಕು ಮಾತಾಡುತ್ತಿದ್ದಳು. ಚಳಿಗಾಲ ಶುರುವಾದ ಮೇಲೆ ಅದೂ ನಿಂತಿತ್ತು. ಕೇಳಿದರೆ, “ಹೊಸ ಹಾಡಿನ ತಯಾರಿ, ತಾಯಿ” ಎಂದಿದ್ದರು ಕಂಪನಿಯವರು.

ಪ್ಯೋ ನರ್ಸ್ ನಮ್ಮ ನಗರದ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವರು. ಸಾರಿಗೆ ಹಾಕುವ ಒಣಮೀನು ಕೊಳ್ಳಲು ನಮ್ಮಲ್ಲಿಗೇ ಬರುತ್ತಿದ್ದರು. ಆ ದಿನವೂ ಬಂದಿದ್ದರು.

“ಅಕ್ಕಾ, ಹೇರಿಮ್ ದನಿ ಕೇಳಿ ಎಷ್ಟು ದಿನ ಆಯ್ತು?”

“ದನಿ ಯಾಕಮ್ಮ? ದಿನಾ ಬರೀತಾಳಲ್ಲ. ನಿನ್ನ ಮಗ ನಿನಗೆ ದಿನಾ ಬರೀತಾನಾ?”

“ಇಲ್ಲ, ದುಡ್ಡು ಬೇಕಾದಾಗ ಮಾತ್ರ. ಆದ್ರೂ ಅಕ್ಕಾ, ಬರೆದದ್ದು ಬೇರೆ, ದನಿ ಬೇರೆ. ದನೀಲಿ ಸುಳ್ಳು ಹೇಳೋದು ಕಷ್ಟ.”

“ನೋಡಮ್ಮ, ನೀನು ಬೆಳಗಾದ್ರೆ ರೋಗಿಗಳ ಮುಖ ನೋಡ್ತೀಯ. ನಿನ್ನ ಕಣ್ಣಿಗೆ ಈ ಒಣಮೀನಿಗೂ ಖಿನ್ನತೆ ಬಂದ ಹಾಗೆ ಕಾಣತ್ತೆ.”

ಎದುರಂಗಡಿಯ ಕಪ್ಸುನ್ ಅಜ್ಜಿ ಮಾರಾಟದ ಸಿಂಪಿ ಒಡೆದು ಮಾಂಸ ಬಿಡಿಸುತ್ತಾ ಕಿಸಕ್ಕನೆ ನಕ್ಕಳು. ಅಷ್ಟರಲ್ಲಿ ಫೋನ್ ಟಿಣ್ ಎಂದಿತು. ಅಮ್ಮ ಗೆದ್ದವಳಂತೆ ಅದನ್ನೆತ್ತಿ ಓದಿದಳು.

“ಅಮ್ಮ, ಊಟ ಆಯ್ತಾ? ಇವತ್ತು ತುಂಬಾ ಚಳಿ. ನಾನು ಬಿಸಿಬಿಸಿ ಸಿಂಪಿ ಸಾರನ್ನ ತಿಂದೆ. ಊರು ನೆನಪಾಯ್ತು!”

“ನೋಡಿದ್ಯಾ, ನೋಡಿದ್ಯಾ!” ಎಂದು ಅಜ್ಜಿ ಚಾಕು ಕೆಳಗಿಟ್ಟಳು. “ತೊಂಗ್ಯೊಂಗ್ ಹುಡುಗಿ ಅಂದ್ರೆ ಹಾಗಿರಬೇಕು. ನಮ್ಮ ಸಿಂಪಿ ತಿಂದ ನಾಲಿಗೆ ಸಿಯೋಲ್‌ಗೆ ಹೋದ್ರೂ...”

ಅಜ್ಜಿಯ ಮಾತು ಅಲ್ಲೇ ನಿಂತಿತು. ಅವಳ ಮುಖದ ಬಣ್ಣ ಇಳಿಯಿತು.

“ಏ ಹೇರಿಮ್ ಅಮ್ಮ... ನಿನ್ನ ಮಗಳು ಸಿಂಪಿ ತಿನ್ನೋ ಹಾಗಿಲ್ವಲ್ಲೇ.”

ಅಮ್ಮ ಸಂದೇಶವನ್ನು ಮತ್ತೊಮ್ಮೆ ಓದಿದಳು.

“ಚಿಕ್ಕೋಳಿದ್ದಾಗ ನಾನೇ ಒಂದು ತುಂಡು ಬಾಯಿಗಿಟ್ಟಿದ್ದೆ. ಮುಖ ಕುಂಬಳಕಾಯಿ ಹಾಗೆ ಊದ್ಕೊಂಡು ಉಸಿರು ಕಟ್ಟಿತ್ತು. ಬೆನ್ನಿಗೆ ಕಟ್ಕೊಂಡು ಆಸ್ಪತ್ರೆಗೆ ಓಡಿದ್ದು ನಾನಲ್ವಾ? ಆಮೇಲೆ ಈ ಕಡೆ ದಾರೀಲಿ ನಡೆಯೋಕೂ ಹೆದರ್ತಿದ್ಲು. ಅವಳು ಸಿಂಪಿ ತಿಂದ್ಲಾ?”

“ಕೈ ತಪ್ಪಿ ಬರೆದಿರ್ತಾಳೆ...” ಎಂದಳು ಅಮ್ಮ. ಮ್ಯಾನೇಜರನಿಗೆ ಫೋನ್ ಮಾಡಿದಳು. ಚೆನ್ನಾಗಿದ್ದಾಳೆ ಎಂದ. ಫೋನ್ ಕೊಡಪ್ಪ ಎಂದರೆ, ಈಗ ಆಗುವುದಿಲ್ಲ ಎಂದ. ಯಾವಾಗ ಆಗುತ್ತದೆ ಎಂದರೆ ತಡವರಿಸಿದ.

ಪ್ಯೋ ನರ್ಸ್ ಒಂದೇ ಮಾತು ಹೇಳಿದರು. “ಅಕ್ಕಾ, ಬಸ್ ಹತ್ತಿ. ದಾರೀಲಿ ಏನು ಬೇಕಾದ್ರೂ ನನಗೆ ಫೋನ್ ಮಾಡಿ.”

ನಾನೂ ಅಮ್ಮನೂ ಮರುದಿನ ಸಿಯೋಲ್‌ನಲ್ಲಿದ್ದೆವು.

ಕಂಪನಿಯ ಕಟ್ಟಡದ ಗೋಡೆಯ ಮೇಲೆ ಮೂರು ಮಹಡಿಯಷ್ಟು ಎತ್ತರದ ಹೇರಿಮ್ ನಗುತ್ತಿದ್ದಳು. ಅಮ್ಮನಿಗೆ ಅದನ್ನು ನೋಡಿ ಅರ್ಧ ಜೀವ ಬಂತು. ಒಳಗೆ ಯೊಮ್ ಎಂಬ ಮೇಲಧಿಕಾರಿ ಎದ್ದು ನಿಂತು, ಬಗ್ಗಿ ವಂದಿಸಿದರು. ಬಹಳ ಮರ್ಯಾದಸ್ಥರು.

“ಕೂತ್ಕೊಳ್ಳಿ ತಾಯಿ. ಹೇಳದೆ ಬಂದ್ರಿ. ಹೇರಿಮ್ ವಿಶ್ರಾಂತೀಲಿದ್ದಾಳೆ.”

“ವಿಶ್ರಾಂತಿನಾ? ತಯಾರಿ ಅಂದ್ರಲ್ಲ. ಯಾವತ್ತಿಂದ ವಿಶ್ರಾಂತಿ?”

“ಒಂದು ತಿಂಗಳ ಮೇಲಾಯ್ತು. ಗಾಬರಿ ಆಗೋಂಥದ್ದೇನಿಲ್ಲ.”

ತಿಂಗಳು! ಆ ತಿಂಗಳಿಡೀ ದಿನಾ ಮಧ್ಯಾಹ್ನ ನಮ್ಮ ಅಂಗಡಿಗೆ ಮಾತು ಬರುತ್ತಿತ್ತು.

“ಹಾಗಾದ್ರೆ ನನಗೆ ಬರೀತಿದ್ದೋರು ಯಾರು?” ಅಮ್ಮ ಕೇಳಿದಳು.

ಯೊಮ್ ಅವರು ಪಕ್ಕದಲ್ಲಿ ನಿಂತಿದ್ದ ಬೊರಾ ಎಂಬ ಹುಡುಗಿಯನ್ನು ನೋಡಿದರು. ನನ್ನದೇ ವಯಸ್ಸಿನ ಉದ್ಯೋಗಿ. ಅವಳು ನೆಲ ನೋಡುತ್ತಾ ಹೇಳಿದಳು.

“ನಾನೇ... ಸಂದೇಶ ನಿಂತ್ರೆ ಅಭಿಮಾನಿಗಳು ಗಾಬರಿ ಆಗ್ತಾರೆ ಅಂತ ಬರೆಯೋಕೆ ಹೇಳಿದ್ರು. ತೊಂಗ್ಯೊಂಗ್ ಅಂದ್ರೆ ಸಿಂಪಿ ಅಂತ ಹಾಕಿದೆ.”

“ನಾನು ದಿನಾ ಉತ್ತರ ಬರೀತಿದ್ನಲ್ಲಮ್ಮ. ‘ಅಮ್ಮ’ ಅಂತ ಹೆಸರು ಇತ್ತಲ್ಲ. ತಾಯಿ ಕೇಳ್ತಿದಾಳೆ ಅಂತ ನಿನಗೆ ಅನ್ನಿಸ್ಲಿಲ್ವಾ?”

“ಅಮ್ಮ ಅಂತ ಹೆಸರಿಟ್ಕೊಂಡಿರೋರು ಬೇಕಾದಷ್ಟು ಜನ ಇದ್ದಾರೆ, ತಾಯಿ. ಗಂಡಸರೂ ಇದ್ದಾರೆ. ನಿಜವಾದ ತಾಯೀನೂ ಅದರಲ್ಲಿ ಇರ್ತಾರೆ ಅಂತ ನಾನು...” ಎಂದವಳು ಅಳತೊಡಗಿದಳು.

ಅಮ್ಮ ಅಳಲಿಲ್ಲ. ಯಾರೋ ಕೆನ್ನೆಗೆ ಬಾರಿಸಿದಂತೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು.

ತಂಡದ ಹುಡುಗಿಯರು ವಾಸವಿದ್ದ ಮನೆ ಹತ್ತಿರದಲ್ಲೇ ಇತ್ತು. ಬೊರಾ ಕರೆದುಕೊಂಡು ಹೋದಳು. ಹೇರಿಮ್ ಹಾಸಿಗೆಯ ಪಕ್ಕ ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದಳು. ನಾನು ಅವಳನ್ನು ಗುರುತಿಸಲು ಒಂದು ಗಳಿಗೆ ಬೇಕಾಯಿತು. ನನ್ನ ಸ್ವಂತ ತಂಗಿ! ಅವಳು ಎರಡೂ ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಿದ್ದಳು.

ನಡೆದದ್ದನ್ನು ಬಿಡಿಬಿಡಿಯಾಗಿ ಹೇಳಿದಳು. ವೇದಿಕೆ ಹತ್ತುವ ಹೊತ್ತಿಗೆ ಎದೆ ಹಿಡಿದಂತಾಗಿ ಉಸಿರು ಸಿಗುತ್ತಿರಲಿಲ್ಲ. ಮ್ಯಾನೇಜರನಿಗೆ ಹೇಳಿದಳು. ಎಲ್ಲರಿಗೂ ಹಾಗೇ ಆಗುತ್ತದೆ, ತಡೆದುಕೋ ಎಂದ. ತಡೆದುಕೊಂಡಳು. ಒಂದು ದಿನ ಅಭ್ಯಾಸದ ನಡುವೆ ಕುಸಿದು ಬಿದ್ದಳು. ಆಮೇಲೆ ತಮ್ಮದೇ ಹಾಡು ಕೇಳಿದರೂ ಮೈ ಬೆವರುತ್ತಿತ್ತು. ಮನೆಗೆ ಫೋನ್ ಮಾಡುತ್ತೇನೆ ಎಂದಳು. “ಮನೆಯವರನ್ನ ಯಾಕೆ ಹೆದರಿಸ್ತೀಯ? ಅವರಿಗೆ ಸಂದೇಶ ಹೋಗ್ತಿದೆ” ಎಂದರು.

“ಅಯ್ಯೋ ನನ್ನ ಕಂದಾ, ಅದನ್ನ ಬರೀತಿರೋದು ನೀನೇ ಅಂದ್ಕೊಂಡೆ.”

ಹೇರಿಮ್ ಮೊದಲ ಸಲ ತಲೆ ಎತ್ತಿದಳು.

“ನಾನಲ್ಲ ಅಂತ ನಿನಗೆ ಗೊತ್ತಾಗತ್ತೆ ಅಂದ್ಕೊಂಡಿದ್ದೆ, ಅಮ್ಮ. ಇವತ್ತು ಬರ್ತೀಯ, ನಾಳೆ ಬರ್ತೀಯ ಅಂತ ಕಾದೆ.”

ಅಮ್ಮ ಎದ್ದು ಹೊರಗೆ ಬಂದಳು. ಮೆಟ್ಟಿಲ ಮೇಲೆ ಕುಸಿದು ಕೂತು ಪ್ಯೋ ನರ್ಸ್‌ಗೆ ಫೋನ್ ಮಾಡಿದಳು. ಅಷ್ಟೆಲ್ಲಾ ಕಂಡ ಮೇಲೂ ಅವಳ ಬಾಯಲ್ಲಿ ಬಂದದ್ದು ಇದು:

“ಮುಂದಿನ ವಾರ ದೊಡ್ಡ ಪ್ರದರ್ಶನ ಇದೆಯಂತೆ. ವೇದಿಕೆ ಮೇಲೆ ನಿಂತ್ರೆ ಸಾಕು, ಹಾಡೋದೂ ಬೇಡ ಅಂತಾರೆ ಕಂಪನಿಯೋರು. ಚಿಕ್ಕ ವಯಸ್ಸಿಂದ ಇದಕ್ಕೇ ಬೆವರು ಸುರಿಸಿದಾಳೆ. ಈಗ ಮನಸ್ಸಿನ ಕಾಯಿಲೆ ಅಂತ ಹೊರಗೆ ಬಂದ್ರೆ ಜನ ಏನಂತಾರೆ? ಇದೊಂದು ಸಲ ತಾಳ್ಕೊಂಡ್ರೆ ಆಗಲ್ವಾ?”

“ಅಕ್ಕಾ, ಒಂದು ಮಾತು ಕೇಳ್ತೀನಿ. ಬಲೆ ಎಳೆಯೋ ಹುಡುಗನ ಬೆರಳು ರಾಟೆಗೆ ಸಿಕ್ಕಿದ್ರೆ ದೋಣಿ ಯಜಮಾನ ಏನ್ಮಾಡಬೇಕು?”

“ಆಸ್ಪತ್ರೆಗೆ ಕರ್ಕೊಂಡ್ ಹೋಗಬೇಕು. ಇನ್ನೇನು?”

“ಇದೊಂದು ಬಲೆ ಎಳೆದುಬಿಡು, ಆಮೇಲೆ ನೋಡೋಣ ಅಂದ್ರೆ?”

“ಅಂಥೋನನ್ನ ನಮ್ಮ ಮಾರ್ಕೆಟ್ಟಲ್ಲಿ ಮೀನು ಇಳಿಸೋಕೆ ಬಿಡಲ್ಲ.”

“ಇದೂ ಅಷ್ಟೇ ಅಕ್ಕಾ. ರಕ್ತ ಕಾಣಲ್ಲ, ಅದಕ್ಕೇ ಯಜಮಾನರು ತಪ್ಪಿಸ್ಕೋತಾರೆ. ಹುಡುಗಿ ಕೈಲಿ ದುಡಿಸ್ಕೊಂಡೋರು ಅವಳ ಮನಸ್ಸಿಗೂ ಜವಾಬ್ದಾರರು. ಇದು ಅವರು ಮಾಡೋ ಉಪಕಾರ ಅಲ್ಲ. ಸರ್ಕಾರದ ಮಾದರಿ ಕರಾರಲ್ಲೂ ಕಲಾವಿದರ ದೇಹ, ಮನಸ್ಸು ಎರಡರ ಮಾತೂ ಇದೆ. ಹೋಗಿ ಕೇಳಿ.”

ಅಮ್ಮ ಫೋನ್ ಇಟ್ಟಳು. ಆಮೇಲೆ ಕೆರವು ಮೆಟ್ಟಿಕೊಂಡು ಎದ್ದಳು. ನಾನು ಹಿಂದೆ ಓಡಿದೆ.

ಯೊಮ್ ಅವರ ಕೋಣೆಯಲ್ಲಿ ಅಮ್ಮನ ಮೀನು ಮಾರುಕಟ್ಟೆಯ ದನಿ ಮೊದಲ ಸಲ ಏರಿತು.

“ಡಾಕ್ಟರ್‌ಗೆ ತೋರಿಸಿದ್ರಾ?”

“ತೋರಿಸಿದ್ದೀವಿ ತಾಯಿ. ನಮ್ಮ ಕಂಪನಿ ಡಾಕ್ಟರೇ ಇದ್ದಾರೆ.”

“ಅವಳಿಗೆ ಏನಾಗಿದೆ ಅಂತ ಡಾಕ್ಟರು ಯಾರಿಗೆ ಹೇಳಿದ್ರು?”

“ನಮಗೆ.”

“ಅವಳಿಗೆ?”

ಯೊಮ್ ಅವರು ನೀರಿನ ಲೋಟ ಸರಿಸಿದರು. “ನೋಡಿ ತಾಯಿ, ಉಳಿದ ನಾಲ್ಕು ಹುಡುಗೀರ ಭವಿಷ್ಯಾನೂ ಇದೆ. ನಾವು ಇವರನ್ನೆಲ್ಲ ನಮ್ಮ ಮಕ್ಕಳ ಹಾಗೇ ನೋಡ್ಕೋತೀವಿ.”

“ಮಕ್ಕಳ ಹಾಗೆ ನಾನು ನೋಡ್ಕೋತೀನಿ ಸ್ವಾಮಿ. ನೀವು ಕೆಲಸದೋರ ಹಾಗೆ ನೋಡ್ಕೊಳ್ಳಿ, ಸಾಕು. ಕೆಲಸದೋರಿಗೆ ರಜೆ ಇರತ್ತೆ. ಪೆಟ್ಟಾದ್ರೆ ಚಿಕಿತ್ಸೆ ಇರತ್ತೆ. ತಾಯಿಗೆ ಫೋನ್ ಮಾಡಿದ್ರೆ ಯಾರೂ ತಡೆಯಲ್ಲ.”

ಅಮ್ಮ ಮುಂದುವರಿಸಿದಳು. ಹೇರಿಮ್‌ಳನ್ನು ಅವಳೇ ಆರಿಸಿಕೊಂಡ ವೈದ್ಯರಿಗೆ ತೋರಿಸಬೇಕು. ಅವರು ಹೇಳಿದ್ದು ಅವಳ ಒಪ್ಪಿಗೆಯಿಲ್ಲದೆ ಕಂಪನಿಗೆ ಗೊತ್ತಾಗಬಾರದು. ವೈದ್ಯರು ಸರಿ ಎನ್ನುವವರೆಗೆ ವೇದಿಕೆ ಇಲ್ಲ, ಅದಕ್ಕೆ ದಂಡವೂ ಇಲ್ಲ. ಖರ್ಚು ಕಂಪನಿಯದು.

“ನನ್ನ ಮಗಳ ಹೆಸರಲ್ಲಿ ಇನ್ನೊಂದು ಅಕ್ಷರ ಬರೆದ್ರೆ, ಮಾರ್ಕೆಟ್ಟನ್ನೇ ಬಸ್ಸಲ್ಲಿ ಕರ್ಕೊಂಡ್ ಬರ್ತೀನಿ. ಚಾಕು ಹಿಡಿದಿರೋ ಅಜ್ಜೀರೇ ಜಾಸ್ತಿ ಅಲ್ಲಿ.”

ಯೊಮ್ ಅವರು ಎಲ್ಲಕ್ಕೂ ಒಪ್ಪಲಿಲ್ಲ. ಖರ್ಚಿನ ಮಾತಿಗೆ ಯೋಚಿಸಬೇಕು ಎಂದರು. ದಂಡದ ಮಾತಿಗೆ ವಕೀಲರನ್ನು ಕೇಳಬೇಕು ಎಂದರು. ಅಷ್ಟರಲ್ಲಿ ಬೊರಾ, ಯಾರೂ ಹೇಳದೆಯೇ, ಪಕ್ಕದ ಬೀರು ತೆರೆದಳು. ಹೇರಿಮ್‌ಳ ಫೋನನ್ನು ಹುಡುಕಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ಅಮ್ಮನಿಗೆ ಕೊಟ್ಟಳು. ಮೇಲಧಿಕಾರಿ ನೋಡುತ್ತಲೇ ಇದ್ದರು. ಬೇಡ ಎನ್ನಲಿಲ್ಲ.

ಅಂದು ಸಂಜೆಯ ಬಸ್ಸಿಗೆ ನಾವು ಮೂವರು ಊರಿಗೆ ಹೊರಟೆವು. ಹೇರಿಮ್ ಚಿಕಿತ್ಸೆಗಾಗಿ ವಿಶ್ರಾಂತಿಯಲ್ಲಿದ್ದಾಳೆ, ಇತ್ತೀಚಿನ ಸಂದೇಶಗಳು ಅವಳು ಬರೆದದ್ದಲ್ಲ ಎಂದು ಕಂಪನಿ ಒಪ್ಪಿಕೊಳ್ಳಲು ಇನ್ನೂ ಕೆಲವು ದಿನ ಬೇಕಾಯಿತು. ಅಭಿಮಾನಿಗಳು ಬಿಟ್ಟು ಹೋಗುತ್ತಾರೆ ಎಂದು ಹೆದರಿದ್ದರು. ಅವರು ಹೋಗಲಿಲ್ಲ. ‘ಮೊದಲು ಗುಣವಾಗಲಿ’ ಎಂದು ಅವರೇ ಕಂಪನಿಯ ಬಾಗಿಲಲ್ಲಿ ನಿಂತರು. ದಂಡದ ಮಾತು ಅಲ್ಲಿಗೆ ನಿಂತಿತು.

ಈಗ ಹೇರಿಮ್ ವಾರಕ್ಕೊಮ್ಮೆ ವೈದ್ಯರ ಬಳಿ ಹೋಗುತ್ತಾಳೆ. ಕೆಲವು ದಿನ ಚೆನ್ನಾಗಿರುತ್ತಾಳೆ, ಕೆಲವು ದಿನ ಹೊದಿಕೆಯಿಂದ ಹೊರಗೆ ಬರುವುದಿಲ್ಲ. ಮತ್ತೆ ಹಾಡುತ್ತಾಳೋ ಇಲ್ಲವೋ ಗೊತ್ತಿಲ್ಲ. ಅದನ್ನು ಅವಳು ಹೇಳಬೇಕು, ನಾವಲ್ಲ. ಮೊದಲು ‘ಜನ ಏನಂತಾರೆ’ ಎನ್ನುತ್ತಿದ್ದ ಅಮ್ಮ ಈಗ ಯಾರಾದರೂ ಕೇಳಿದರೆ ತಕ್ಕಡಿ ಕೆಳಗಿಡದೆಯೇ ಹೇಳುತ್ತಾಳೆ: “ಮನಸ್ಸಿಗೆ ಪೆಟ್ಟಾಗಿದೆ. ಚಿಕಿತ್ಸೆ ನಡೀತಿದೆ. ನಿಮಗೆ ಯಾವ ಅಳತೆಯ ಮೀನು ಬೇಕು?”

ಇದನ್ನು ಓದುತ್ತಿರುವ ತಾಯಂದಿರೇ, ತಂದೆಯರೇ, ನಿಮ್ಮ ಮಗುವನ್ನು ಹಾಡಿಗೋ, ಕುಣಿತಕ್ಕೋ, ಆಟಕ್ಕೋ ಯಾರದಾದರೂ ಕೈಗೆ ಒಪ್ಪಿಸುವ ಮುನ್ನ ಕೇಳಿ: ಇವಳ ಮನಸ್ಸು ಬಳಲಿದರೆ ನೀವೇನು ಮಾಡುತ್ತೀರಿ? ವೈದ್ಯರು ಯಾರ ಪರವಾಗಿ ಇರುತ್ತಾರೆ? ಫೋನ್ ಯಾರ ಕೈಯಲ್ಲಿ ಇರುತ್ತದೆ? ಉತ್ತರ ಕೊಡಲು ತಡವರಿಸುವವರ ಕೈಗೆ ಕೊಡಬೇಡಿ. ಕಂಪನಿ ನಡೆಸುವವರೇ, ದಣಿದವರನ್ನು ಮರೆಯಲ್ಲಿಟ್ಟು ಅವರ ನಗುವನ್ನು ಮಾತ್ರ ಮಾರಬೇಡಿ. ಅಭಿಮಾನಿಗಳೇ, ನೀವು ಮೆಚ್ಚಿದವರು ಒಂದು ದಿನ ಏನೂ ಬರೆಯದಿದ್ದರೆ ಕೋಪ ಮಾಡಿಕೊಳ್ಳಬೇಡಿ. ಸುಮ್ಮನಿರುವುದಕ್ಕೂ ಅವರಿಗೆ ಹಕ್ಕಿದೆ.

ಮತ್ತೆ ನೀವು, ದೂರದಲ್ಲಿ ಯಾರನ್ನಾದರೂ ಬಿಟ್ಟಿರುವವರು, ಈ ಹಾಳೆಯನ್ನು ಪಕ್ಕಕ್ಕಿಟ್ಟು ಈಗಲೇ ಫೋನ್ ಮಾಡಿ. ಬರೆಯಬೇಡಿ, ಮಾತಾಡಿ. ‘ಚೆನ್ನಾಗಿದ್ದೀನಿ’ ಎಂದ ಮೇಲೂ ಫೋನ್ ಇಡಬೇಡಿ. ಇನ್ನೊಂದು ಸಲ ಕೇಳಿ, ಆಮೇಲೆ ಅವರು ಬಾಯಿ ಬಿಡುವವರೆಗೆ ಸುಮ್ಮನೆ ಕಾಯಿರಿ.