ಏಣಿರಾಯನ ಮೀನಖಂಡ

ಬೀದಿಯವರೆಲ್ಲ ಏಣಿರಾಯ ಎಂದು ಕರೆಯುತ್ತಿದ್ದ ಪೇಂಟರ್ ಈಗ ನೆಲದ ಮೇಲೆ ಕೂತು ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದ. ಮೂರು ಅಂತಸ್ತಿನ ಗೋಡೆಯೆಂದರೆ ಅವನಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಹೋದ ವರ್ಷ ಕಾಲು ತಿರುಚಿ ಬಲ ಮಂಡಿಯೊಳಗಿನ ಲಿಗಮೆಂಟ್, ಅಂದರೆ ಎಲುಬಿಗೆ ಎಲುಬನ್ನು ಕಟ್ಟಿಹಿಡಿಯುವ ಪಟ್ಟಿ, ಅರ್ಧ ಹರಿಯಿತು. ಊತ ಇಳಿಯಿತು, ನೋವೂ ಹೋಯಿತು. ಆದರೆ ಏಣಿ ಇಳಿಯುವಾಗ ಮಂಡಿ ಜಾರಿದಂತಾಗುತ್ತಿತ್ತು. ಗುತ್ತಿಗೆದಾರ ಅವನನ್ನು ಕೆಳಗಿನ ಕೆಲಸಕ್ಕೆ ಹಾಕಿದ. ಇನ್ನು ತನಗೂ ಏಣಿಗೂ ಋಣ ತೀರಿತು ಎಂದು ಅವನೇ ಮನೆಯಲ್ಲಿ ಹೇಳಿಕೊಂಡ.

ಒಪ್ಪದವಳು ಹೆಂಡತಿ. ಅವಳು ದರ್ಜಿ. ಗಂಡನಿಗೆ ಹೊಸ ಪ್ಯಾಂಟು ಹೊಲಿದು ತೊಡಿಸಿ ನೋಡಿದರೆ ಬಲಗಾಲು ಸಡಿಲ. ಎರಡೂ ಕಾಲನ್ನು ಒಂದೇ ಅಳತೆಗೆ ಕತ್ತರಿಸಿದ್ದಳು. ತನ್ನ ಕತ್ತರಿ ತಪ್ಪುವುದುಂಟೇ? ಟೇಪು ಸುತ್ತಿ ಮೀನಖಂಡ ಅಳೆದಳು. ಬಲಗಡೆ ಒಂದು ಇಂಚು ಕಡಿಮೆ.

ಮರುದಿನವೇ ಅವನನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು. ಫಿಸಿಯೋಥೆರಪಿ ಡಾಕ್ಟರಮ್ಮ ಮಂಡಿ ಪರೀಕ್ಷಿಸಿ, ಮೆಟ್ಟಿಲು ಇಳಿಯುವುದು ಹೇಗೆ ಎಂದು ಕೇಳಿದರು. ನೋವಿದ್ದಾಗ ಕಲಿತಂತೆ ಈಗಲೂ ಬಲಗಾಲನ್ನು ಕೋಲಿನ ಹಾಗೆ ನೆಟ್ಟಗಿಟ್ಟು ಮೊದಲು ಇಳಿಸಿ, ಭಾರವನ್ನೆಲ್ಲ ಎಡಗಾಲಿಗೇ ಬಿಡುತ್ತೇನೆ ಎಂದ, ಮಹಾ ಜಾಣನಂತೆ. ಎಂಟು ತಿಂಗಳು ಕೂತು ಉಂಡ ಬಲಗಾಲು ಸೊರಗದೆ ಇರುತ್ತದೆಯೇ? ತೊಡೆಯ ವ್ಯಾಯಾಮದ ಜೊತೆಗೆ ಹಿಮ್ಮಡಿಯನ್ನೂ ಎತ್ತಿ ಇಳಿಸಬೇಕು ಎಂದರು ಡಾಕ್ಟರಮ್ಮ.

"ಮಂಡಿ ಜಾರಿದ್ರೆ ಹಿಮ್ಮಡಿ ಎತ್ತೋದಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ ಡಾಕ್ಟ್ರೇ," ಅಂದ ಅವನು.

"ಇಲ್ಲಿ ಎತ್ತು, ಎಮ್ಮೆ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದೆ ಅಣ್ಣ. ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯು. ಮೇಲಿನದು ಮಂಡಿಯ ಹಿಂದಿನಿಂದ ಬರುತ್ತೆ. ಒಳಗಿನದು, ನೀವು ಮಂಡಿ ಬಾಗಿಸಿ ಕಾಲೂರಿದಾಗ, ಮಂಡಿಯ ಕೆಳಗಿನ ಎಲುಬು ಮುಂದೆ ಜಾರದ ಹಾಗೆ ಹಿಂದಕ್ಕೆ ಎಳೆದು ಹಿಡಿಯುತ್ತೆ. ಅದು ಸೋತರೆ ಆ ಎಳೆತವೆಲ್ಲ ಲಿಗಮೆಂಟಿನ ಮೇಲೇ ಬೀಳುತ್ತೆ."

ಗೋಡೆ ಹಿಡಿದು ಮಂಡಿ ನೆಟ್ಟಗಿಟ್ಟು ಒಂದಷ್ಟು ಸಲ, ಕೊಂಚ ಬಾಗಿಸಿ ಒಂದಷ್ಟು ಸಲ, ನಿಧಾನವಾಗಿ ಎಂದು ಅವರು ಮಾಡಿ ತೋರಿಸಿದರು. ಮನೆಯಲ್ಲಿ ಹೊಲಿಗೆ ಯಂತ್ರವನ್ನು ಪಕ್ಕಕ್ಕೆ ಸರಿಸಿ ಹೆಂಡತಿ ಗೋಡೆ ಬಿಟ್ಟುಕೊಟ್ಟಳು. ಮೊದಲ ವಾರವೆಲ್ಲ ಅವನು ಗೊಣಗಿದ. ಮೂರನೆಯ ತಿಂಗಳಿಗೆ ಬಲಗಾಲೊಂದರಲ್ಲೇ ನಿಂತು ಹಿಮ್ಮಡಿ ಎತ್ತುವಂತಾದ. ಡಾಕ್ಟರಮ್ಮ ಮತ್ತೆ ಪರೀಕ್ಷಿಸಿ, ಇನ್ನು ಏಣಿ ಹತ್ತಬಹುದು ಎಂದರು.

ಶಾಲೆಯ ಮೂರನೆಯ ಅಂತಸ್ತಿಗೆ ಅವನು ಬಣ್ಣ ಬಳಿದ ದಿನ ಹೆಂಡತಿ ಹೊಲಿಗೆ ಬದಿಗಿಟ್ಟು ಬಂದು ಕೆಳಗೆ ನಿಂತಿದ್ದಳು. ಅವನು ಮಂಡಿ ಬಾಗಿಸಿ, ಎಡ, ಬಲ, ಎಡ ಎಂದು ಸಲೀಸಾಗಿ ಇಳಿಯುತ್ತಿದ್ದ. ಅವಳಿಗೆ ಹೆಮ್ಮೆ ತಡೆಯಲಾಗಲಿಲ್ಲ. ಯಾರೋ ದಾರಿಹೋಕನನ್ನು ನಿಲ್ಲಿಸಿ, ಅವನು ಕೇಳದಿದ್ದರೂ ಹೇಳಿದಳು: "ಅಲ್ಲಿ ಏಣಿ ಮೇಲಿದ್ದಾರಲ್ಲ, ಅವರು ನಮ್ಮನೆಯವರು."

ಇಳಿಯುವಾಗ ನಿಮ್ಮ ಮಂಡಿಯೂ ಜಾರಿದಂತಾಗುತ್ತಿದೆಯೇ? ಮಂಡಿಗೆ ಬಟ್ಟೆ ಬಿಗಿದುಕೊಂಡು ಸುಮ್ಮನಿರಬೇಡಿ. ಫಿಸಿಯೋಥೆರಪಿಯವರಿಗೆ ತೋರಿಸಿ. ಅವರು ಹೇಳಿದಂತೆ, ಹೇಳಿದಷ್ಟು, ಮೀನಖಂಡವನ್ನೂ ದುಡಿಸಿ. ನಿಮ್ಮ ಏಣಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಡಿ.