ವಿಷ ತಿಂದು ದಪ್ಪಗಾದವಳು

ಮಗಳು ಮಂಚದ ಕೆಳಗೆ ತೆವಳುತ್ತ ಕೈಗೆ ಸಿಕ್ಕಿದ್ದನ್ನೆಲ್ಲ ಹೊರಗೆ ತಳ್ಳುತ್ತಿದ್ದಳು: ಹಳೇ ಚಪ್ಪಲಿ, ಫ್ಯಾನಿನ ಮುರಿದ ರೆಕ್ಕೆ, ರಾಶಿ ಧೂಳು. ಇಲಿ ಮಾತ್ರ ಸಿಗಲಿಲ್ಲ. ಪಕ್ಕದ ಹಾಲಿನಲ್ಲಿ ಅಪ್ಪ ಬಿಳಿ ಬಟ್ಟೆ ಹೊದ್ದು, ಜೀವಮಾನದಲ್ಲಿ ಮೊದಲ ಸಲ ಒಂದು ಇಲಿಯ ವಿಚಾರದಲ್ಲಿ ತಲೆಹಾಕದೆ ಮಲಗಿದ್ದರು.

ಇಲಿಯನ್ನು ಬಿಟ್ಟವರು ಚಿಕ್ಕಪ್ಪ. ಸಾವಿನ ಮನೆಗೆ ಬಂದವರ ಕಣ್ಣಿಗೆ ಪಂಜರ ಬೀಳಬಾರದೆಂದು ಹಿತ್ತಲಿಗೆ ಒಯ್ಯಲು ಹೋಗಿ, ಸರಿಯಾಗಿ ಚಿಲಕಕ್ಕೇ ಕೈಹಾಕಿ ಎತ್ತಿದ್ದರು.

"ಒಂದು ಇಲಿ ತಾನೇ. ಮನೆ ಯಜಮಾನನೇ ಹೋದ, ಇದೂ ಹೋದ್ರೆ ಹೋಗ್ಲಿ ಬಿಡಿ," ಅಂದರು.

ಹಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಅವರ ಕಡೆ ತಿರುಗಿದರು. ಬಂದವರೆಲ್ಲ ಅಪ್ಪನ ಪ್ರಯೋಗಾಲಯದವರು. ಅಷ್ಟೊಂದು ಇಲಿಪಂಡಿತರು ಒಂದೇ ಸೂರಿನಡಿ ಸೇರಿದ್ದು ಆ ಊರಿಗೆ ಅದೇ ಮೊದಲು. ಇಲಿ ಗೋಡೆ ಅಂಚು ಬಿಟ್ಟು ಹೋಗುವುದಿಲ್ಲವೆಂದು ಒಬ್ಬರು, ಬೀರುವಿನ ಹಿಂದೆ ಸೇರಿರುತ್ತದೆಂದು ಇನ್ನೊಬ್ಬರು ವಾದಕ್ಕಿಳಿದಿದ್ದರು. ಮೂರನೆಯವರು ಕಾಲು ಮೇಲೆತ್ತಿಕೊಂಡಿದ್ದರು.

"ಅದು ಬರೀ ಇಲಿ ಅಲ್ಲ ಕಣಯ್ಯಾ," ಎಂದರು ಪ್ರಯೋಗಾಲಯದ ಹಿಂದಿನ ಯಜಮಾನರಾದ ದೊಡ್ಡ ಸಾಹೇಬರು. "ಅವಳು ಅತ್ತೆ. ಹೊರಗೆ ಹೋಗಿ ಸಂಸಾರ ಹೂಡಿದಳೋ, ಅಂಗಡೀಲಿರೋ ಇಲಿಪಾಷಾಣ ಎಲ್ಲಾ ಅವಳ ಮಕ್ಕಳಿಗೆ ಸಂಜೆ ತಿಂಡಿ."

ಹಾಗಾಗಿ ಕಿಟಕಿ, ಬಾಗಿಲು ಎಲ್ಲ ಭದ್ರ. ಇಲಿ ಸಿಗದೆ ಬಾಗಿಲು ತೆರೆಯುವಂತಿಲ್ಲ, ಬಾಗಿಲು ತೆರೆಯದೆ ಅಪ್ಪ ಹೊರಡುವಂತಿಲ್ಲ. ಹೆಣದ ಗಾಡಿ ಆಗಲೇ ಹೊರಗೆ ಬಂದು ನಿಂತಿತ್ತು.

*

ಅಪ್ಪ ಪರೀಕ್ಷಿಸುತ್ತಿದ್ದದ್ದು ತಿಂದ ತಕ್ಷಣ ಕೊಲ್ಲುವ ವಿಷವಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡಿ, ನಿಧಾನವಾಗಿ ಒಳಗೊಳಗೇ ಮುಗಿಸುವಂಥದ್ದು. ಕೆಲವು ಇಲಿಗಳಿಗೆ ಅದು ತಾಗುವುದೇ ಇಲ್ಲ. ಅಂಥವನ್ನೂ ಕೊಲ್ಲುತ್ತೇವೆ ಎನ್ನುವ ಹೊಸ ಹೊಸ ವಿಷಗಳ ನಿಜ ಸುಳ್ಳು ನೋಡುವುದೇ ಅವರ ಕೆಲಸ. ಪ್ರತಿ ಪಂಜರದಲ್ಲೂ ಎರಡು ಬಟ್ಟಲು, ಒಂದರಲ್ಲಿ ಬರೀ ಕಾಳು, ಇನ್ನೊಂದರಲ್ಲಿ ವಿಷದ ಕಾಳು. ಇಲಿಗೂ ಮನುಷ್ಯರ ಹಾಗೆ ಕೂತ ಜಾಗದ ಚಟ. ರುಚಿ ನೋಡದೆ ರೂಢಿಯಾದ ಕಡೆಗೇ ಬಾಯಿ ಹಾಕುತ್ತದೆ. ಅದಕ್ಕೆ ಅಪ್ಪ ದಿನಾ ಬೆಳಿಗ್ಗೆ ಬಟ್ಟಲುಗಳನ್ನು ಅದಲುಬದಲು ಮಾಡುತ್ತಿದ್ದರು. ಆ ಅಭ್ಯಾಸ ಮನೆಗೂ ಬಂತು. ಉಪ್ಪಿನ ಡಬ್ಬ ಇದ್ದಲ್ಲಿ ಸಕ್ಕರೆ ಡಬ್ಬ ಬಂದು ಕೂತು, ಅಮ್ಮನ ಬೈಗುಳ ಬೀದಿಗೆ ಕೇಳುತ್ತಿತ್ತು.

ನಿವೃತ್ತಿಗೆ ಮುಂಚಿನ ಕೊನೆಯ ಪರೀಕ್ಷೆಯಲ್ಲಿ ಎಲ್ಲ ಇಲಿಗಳೂ ಸತ್ತವು, ಒಬ್ಬಳ ಹೊರತು. ಅವಳು ಅತ್ತ ಇಟ್ಟರೆ ಅತ್ತ, ಇತ್ತ ಇಟ್ಟರೆ ಇತ್ತ, ವಿಷದ ಬಟ್ಟಲನ್ನೇ ಹುಡುಕಿ ತಿಂದು, ಮದುವೆಮನೆಗೆ ಬಂದು ಅಲ್ಲೇ ಉಳಿದ ಸೋದರತ್ತೆಯ ಹಾಗೆ ದಪ್ಪಗಾಗಿ, ಇಷ್ಟೇನಾ ಬಡಿಸೋದು ಎಂಬಂತೆ ನೋಡುತ್ತಿದ್ದಳು. ಹೆಸರು ಹಾಗೆ ಬಂತು. ವಿಷದ ಕಂಪನಿಯವನು ಬಂದು, ಒಂದು ಇಲಿ ತಾನೇ, ಸತ್ತವರ ಜೊತೆ ಸೇರಿಸಿಬಿಡಿ ಎಂದು ನಯವಾಗಿ ಕೇಳಿದ.

"ನೋಡಪ್ಪಾ," ಅಂದರು ಅಪ್ಪ, "ಸತ್ತವರೆಲ್ಲ ನಿನ್ನ ಪರವಾಗೇ ಸಾಕ್ಷಿ ಹೇಳ್ತಿದಾರೆ. ನಿಜ ಹೇಳ್ತಿರೋಳು ಇವಳೊಬ್ಬಳೇ. ಇವಳ ಬಾಯಿ ಮುಚ್ಚಿಸಿದ್ರೆ, ನಾಳೆ ಇವಳ ಮೊಮ್ಮಕ್ಕಳು ಉಗ್ರಾಣ ಖಾಲಿ ಮಾಡಿ ಅದನ್ನೇ ಹೇಳ್ತಾರೆ."

ಆ ವಿಷ ಅಂಗಡಿಯ ಮುಖ ನೋಡಲಿಲ್ಲ. ಬದುಕುಳಿದ ಇಲಿಯನ್ನೂ ಕೊಲ್ಲಬೇಕೆನ್ನುವುದು ನಿಯಮ. ಅಪ್ಪ ಮುರಿದದ್ದು ಆ ಒಂದನ್ನೇ. ಸಾಕ್ಷಿಯನ್ನು ಕೊಲ್ಲುವುದು ತನ್ನಿಂದಾಗದು, ಇವಳು ತನ್ನ ಮನೆ ಹೊಸ್ತಿಲು ದಾಟುವುದಿಲ್ಲ ಎಂದು ಸಾಹೇಬರ ಕೈ ಹಿಡಿದು ಮಾತು ಕೊಟ್ಟು ಮನೆಗೆ ತಂದರು. ಇಲಿಗೆ ಬೇಯಿಸಿ ಹಾಕೋಕೆ ನಾನು ಈ ಮನೆಗೆ ಬಂದಿಲ್ಲ ಎಂದು ಅಮ್ಮ ಅವತ್ತೇ ಆಣೆ ಮಾಡಿದಳು. ಪಂಜರ, ಎರಡು ಬಟ್ಟಲುಗಳ ಸಮೇತ, ಊಟದ ಮೇಜಿನಡಿ, ಅಪ್ಪನ ಕುರ್ಚಿಯ ಕೆಳಗೆ ಸೇರಿತು.

*

ಮಗಳು ಮಂಚದಡಿಯಿಂದ ಎದ್ದು ಬಂದಾಗ ಅಡುಗೆಮನೆಯಿಂದ ಸೊಪ್ಪು ಬೇಯುವ ವಾಸನೆ ಬಂತು. ಅವಳಿಗೆ ಮೈ ಉರಿಯಿತು.

*

ಸ್ವಲ್ಪ ಕಾಲದ ಹಿಂದೆ ಅಪ್ಪನ ಎದೆಬಡಿತ ತಾಳ ತಪ್ಪಿದಾಗ ಡಾಕ್ಟರು ಒಂದು ಮಾತ್ರೆ ಬರೆದರು. ಅಪ್ಪ ಅದರ ಹೆಸರು ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಲಿಯನ್ನು ಕೊಲ್ಲುವ ವಿಷವೇ, ಅಳತೆ ಇಳಿಸಿದರೆ ಮನುಷ್ಯನನ್ನು ಕಾಯುವ ಮದ್ದು.

"ಡಾಕ್ಟ್ರೇ, ಇದನ್ನ ನಾನು ಜೀವನ ಪೂರ್ತಿ ಬಡಿಸಿದೀನಿ. ತಿಂದೋರು ಯಾರೂ ವಾಪಸ್ ಬಂದು ಚೆನ್ನಾಗಿತ್ತು ಅಂದಿಲ್ಲ."

ಡಾಕ್ಟರೂ ನಕ್ಕು, ಸೊಪ್ಪು ಜಾಸ್ತಿ ತಿನ್ನಬೇಡಿ, ಅದು ಮಾತ್ರೆಯ ಕೆಲಸ ಕೆಡಿಸುತ್ತದೆ ಎಂದರು. ಮರುದಿನವೂ ಅಮ್ಮ ಎಂದಿನಂತೆ ಸೊಪ್ಪು ಬೇಯಿಸಿದಳು. ಅದರ ಮರುದಿನವೂ. ಅಪ್ಪನ ತಟ್ಟೆಗೆ ಹಸಿರು ಗುಡ್ಡ ಬೀಳುತ್ತಿತ್ತು, ಊಟ ಮುಗಿಯುವಾಗ ಗುಡ್ಡ ಮಾಯವಾಗಿರುತ್ತಿತ್ತು. ಮಗಳು ಬಂದಾಗೆಲ್ಲ ಜಗಳವಾಡಿದಳು. ನಂಗೊತ್ತು ಸುಮ್ನಿರೇ ಎನ್ನುತ್ತಿದ್ದಳು ಅಮ್ಮ. ನಿನ್ನೆ ಆಸ್ಪತ್ರೆಯವರು ಅಪ್ಪನ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು ಎಂದರು. ಅಲ್ಲಿಂದೀಚೆಗೆ ಮಗಳು ಅಮ್ಮನ ಮುಖ ನೋಡಿರಲಿಲ್ಲ.

*

ಅಮ್ಮ ಬಟ್ಟಲಲ್ಲಿ ಬಿಸಿ ಸೊಪ್ಪು ಹಿಡಿದು ಹೊರಗೆ ಬಂದಳು. ಪಂಡಿತರೆಲ್ಲ ಸುಮ್ಮನಿರಬೇಕೆಂದು ಹೇಳಿ, ಅಪ್ಪನ ಕುರ್ಚಿಯ ಕೆಳಗೆ ಪಂಜರವಿಟ್ಟು, ಬಾಗಿಲು ತೆರೆದು, ಒಳಗೆ ಸೊಪ್ಪು ಹಾಕಿದಳು.

"ಅದನ್ನ ತಿನ್ನಿಸೇ ಅಪ್ಪನ್ನ ಕಳ್ಸಿದ್ದು ನೀನು," ಎಂದಳು ಮಗಳು, ಮೆಲ್ಲಗೆ.

"ನಿಮ್ಮಪ್ಪ ಸೊಪ್ಪು ತಿಂತಿದ್ರು ಅಂದ್ಕೊಂಡ್ಯಾ?" ಅಮ್ಮ ತಿರುಗಿ ನೋಡಲಿಲ್ಲ. "ಆ ಮಾತ್ರೆ ಶುರುವಾದಾಗಿಂದ ಒಂದೆಲೆ ಬಾಯಿಗೆ ಹಾಕಿಲ್ಲ ಪುಣ್ಯಾತ್ಮ."

"ಮತ್ತೆ ತಟ್ಟೆ ಖಾಲಿ ಆಗ್ತಿತ್ತಲ್ಲ?"

ದೊಡ್ಡ ಸಾಹೇಬರು ಗಂಟಲು ಸರಿಮಾಡಿಕೊಂಡರು. "ಅತ್ತೆ ಜಾತಿಯೋರಿಗೆ ವಿಷ ತಾಗಲ್ಲಮ್ಮ. ಆದ್ರೆ ಸೊಪ್ಪು ಇಲ್ದಿದ್ರೆ ಸೊರಗಿ ಹೋಗ್ತಾರೆ."

"ಅದನ್ನ ನಂಗೆ ಹೇಳ್ಬಾರ್ದಿತ್ತಾ ಅಮ್ಮಾ?"

"ನಿಂಗೆ ಹೇಳಿದ್ರೆ ಅವರಿಗೆ ಹೇಳ್ದಂಗೆ. ಇಲಿಗೆ ಬೇಯಿಸಲ್ಲ ಅಂತ ಆಣೆ ಮಾಡಿದ್ದೆನಲ್ಲೇ. ಅವರು ಮೇಜಿನಡಿ ಅದಕ್ಕೆ ಕದ್ದು ಹಾಕ್ತಿದ್ರು, ನಾನು ಗೊತ್ತಿಲ್ದಂಗೆ ಜಾಸ್ತಿ ಬಡಿಸ್ತಿದ್ದೆ. ಸಂಸಾರ ನಡೀತಿತ್ತು."

ಅಷ್ಟರಲ್ಲಿ ಅಪ್ಪನ ಪಾದದ ಹತ್ತಿರ ಬಿಳಿ ಬಟ್ಟೆ ಅಲುಗಿತು. ಕಾಲು ಮೇಲೆತ್ತಿಕೊಂಡಿದ್ದವರು ಕಣ್ಣು ಮುಚ್ಚಿದರು. ಅತ್ತೆ ಹೊರಗೆ ಬಂದು, ಮೂಗು ಎತ್ತಿ ಗಾಳಿ ಹಿಡಿದು, ಯಾವ ಗೋಡೆಯ ಅಂಚನ್ನೂ ಲೆಕ್ಕಿಸದೆ ಹಾಲಿನ ನಟ್ಟನಡುವೆ ಪಂಡಿತರನ್ನು ದಾಟಿ ನಡೆದು, ಪಂಜರ ಹೊಕ್ಕಳು. ಮಗಳು ಚಿಲಕ ಹಾಕಿ, ಎಳೆದು ನೋಡಿದಳು.

ಚಿಕ್ಕಪ್ಪ ಬಾಗಿಲು ತೆರೆದರು. ಪ್ರಯೋಗಾಲಯದವರು ಅಪ್ಪನನ್ನು ಎತ್ತಿಕೊಂಡರು. ಹೊಸ್ತಿಲಲ್ಲಿ ಮಗಳು ಹಿಂದೆ ತಿರುಗಿದಾಗ ಅಮ್ಮ ಇನ್ನೂ ಕುರ್ಚಿಯ ಪಕ್ಕ ಕೂತಿದ್ದಳು. ಸೆರಗಿನ ತುದಿಯಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯನ್ನು ಪಂಜರದೊಳಗೆ ತೂರಿಸಿ, ಎಡಗಡೆಯ ಬಟ್ಟಲನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಸರಿಸುತ್ತಿದ್ದಳು.