ಮೂರನೇ ಬಾಗಿಲಿನವನು

ಹಳೇ ಗೂಡ್ಸ್ ಶೆಡ್ಡು ವಾಚನಾಲಯವಾಗಿ ತೆರೆದ ದಿನ ಊರಿಗೆ ಊರೇ ಒಳಗಿತ್ತು. ಅದನ್ನು ರಿಪೇರಿ ಮಾಡಿ ನಿಲ್ಲಿಸಿದವಳು ಗಾರೆ ಮೇಸ್ತ್ರಿ. ಅವಳ ಅಪ್ಪ ಮಾತ್ರ ಹೊರಗೆ ಮುಖ ಊದಿಸಿಕೊಂಡು ಕೂತಿದ್ದ.

ಕಟ್ಟಡ ಊರಿಗೆ ರೈಲು ಬಂದ ಹೊಸತರಲ್ಲಿ ಕಟ್ಟಿದ್ದು. ನೆಲ ವ್ಯಾಗನ್ನಿನ ಮಟ್ಟಕ್ಕೇ ಎತ್ತರ, ಮೂಟೆ ಹೊತ್ತವನು ಮೆಟ್ಟಿಲು ಹತ್ತಬೇಕಿಲ್ಲ. ಚಾವಣಿ ಗೋಡೆ ದಾಟಿ ಹಳಿಯ ಮೇಲೂ ಚಾಚಿಕೊಂಡಿದೆ. ಗಾಡಿಗೆ ಅಡ್ಡವಾದೀತೆಂದು ಅಂಚಿಗೊಂದು ಕಂಬವೂ ಇಲ್ಲ. ಸಾಲಾಗಿ ಕಮಾನಿನ ಬಾಗಿಲುಗಳು, ಒಂದೊಂದಕ್ಕೂ ಒಂದೊಂದು ಹಮಾಲರ ತಂಡ. ಒಬ್ಬರ ಬಾಗಿಲಲ್ಲಿ ಇನ್ನೊಬ್ಬರು ಕಾಲಿಡುವಂತಿಲ್ಲ. ಸರಕು ಬೇರೆ ಬಾಗಿಲಿನಿಂದ ಹೋಗಬೇಕಾದರೆ ಹೊಸ್ತಿಲಲ್ಲಿ ಆ ಬಾಗಿಲಿನ ತಂಡದ ಕೈಗೆ ಒಪ್ಪಿಸಬೇಕು. ಲಾರಿಗಳು ಬಂದವು, ಶೆಡ್ಡಿಗೆ ಬೀಗ ಬಿತ್ತು, ಹಮಾಲರ ಮೀಸೆ ಬೆಳ್ಳಗಾಯಿತು. ಬಾಗಿಲಿನ ಕಾನೂನು ಮಾತ್ರ ಹಾಗೇ ಉಳಿಯಿತು.

ಅಪ್ಪನದು ಮೂರನೇ ಬಾಗಿಲು. ಕಮಾನು ಬಿರುಕು ಬಿಟ್ಟಿದ್ದರಿಂದ ಮಗಳೇ ಇಟ್ಟಿಗೆಯಿಟ್ಟು ಅದನ್ನು ಮುಚ್ಚಿದ್ದಳು. ತೆರೆದದ್ದು ಐದನೆಯದೊಂದೇ, ಅದೂ ಅವಳ ಸೋದರಮಾವನ ತಂಡದ್ದು!

"ಅಪ್ಪಾ, ನನ್ನ ಕೆಲಸ ನೀನೇ ನೋಡ್ದಿದ್ರೆ ಹೇಗೆ?"

"ಹೊರಗಿಂದ್ಲೇ ಚೆನ್ನಾಗಿದೆ, ಬಿಡು."

ಅವಳಿಗೆ ಅಳುವೇ ಬಂತು. ಊರೆಲ್ಲ ಭೇಷ್ ಅಂದರೇನು, ಈ ಮುದುಕ ಒಂದು ಸಲ ಗೋಡೆ ಮುಟ್ಟಿ ನೋಡದಿದ್ದರೆ ಆ ಹೊಗಳಿಕೆ ಅವಳಿಗೆ ಬೇಡವಾಗಿತ್ತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನ ಮಗಳಲ್ಲವೇ, ಸುಮ್ಮನಿರುತ್ತಾಳೆಯೇ? ಮರಳು ಸಾಗಿಸುವ ಕೈಗಾಡಿ ತಂದು ಎದುರಿಗೆ ನಿಲ್ಲಿಸಿದಳು.

"ಹತ್ತು. ಇವತ್ತು ನೀನು ಹಮಾಲ ಅಲ್ಲ, ಸರಕು."

ಅಪ್ಪ ತುಂಬ ಹೊತ್ತು ಯೋಚಿಸಿದ. ಕಾನೂನಿನ ಪ್ರಕಾರ ಅವಳ ಮಾತಿನಲ್ಲಿ ಹುಳುಕು ಸಿಗಲಿಲ್ಲ. ಹತ್ತಿ ಕೂತ. ಹಲಗೆ ಹಾಸಿದ ಇಳಿಜಾರಿನ ಮೇಲೆ ಹೊಸ್ತಿಲವರೆಗೆ ಮಗಳು ತಳ್ಳಿದಳು, ಅಲ್ಲಿಂದ ಮಾವ ಹಿಡಿದುಕೊಂಡ.

"ಬಾ ಭಾವ. ಅಬ್ಬಾ, ಏನು ಭಾರ! ಅಕ್ಕ ಹೇಗೆ ಸಹಿಸ್ಕೊಂಡ್ಳೋ!"

"ಮೆಲ್ಲಗೆ ತಳ್ಳೋ, ಒಡೆಯೋ ಸಾಮಾನು."

ಮುಚ್ಚಿದ ಬಾಗಿಲ ಎದುರು ಅಪ್ಪ ಇಳಿದ. ಮೂಟೆ ಹೊತ್ತ ಭುಜಗಳು ಉಜ್ಜಿ ಉಜ್ಜಿ ನುಣುಪಾದ ಅಂಚಿನ ಕಲ್ಲುಗಳಿಗೆ ಮಗಳು ಗಾರೆ ಬಳಿದಿರಲಿಲ್ಲ. ಅವನು ಅಲ್ಲಿ ಭುಜ ಒತ್ತಿ ನಿಂತ. ವಯಸ್ಸಾಗಿ ಕುಗ್ಗಿದ್ದ, ಸವೆದ ಜಾಗ ಈಗ ಅವನ ಕಿವಿಯ ಮಟ್ಟಕ್ಕಿತ್ತು. ಮಗಳ ತಲೆ ಸವರಿದ.

ಹೊರಡುವಾಗ ಮಾವ ಕೈಗಾಡಿ ತಂದ. ಬೇಡವೆಂದು ಕೈಯಾಡಿಸಿ, ಅಪ್ಪ ಮಗಳ ತೋಳು ಹಿಡಿದು ಐದನೇ ಬಾಗಿಲಲ್ಲೇ ನಡೆದ.

"ಭಾವ, ಕಾನೂನು?"

"ಕಾನೂನು ಎಲ್ಲೂ ಹೋಗಿಲ್ಲ. ಬಾಗಿಲು ಈಗ ನಿಂದಲ್ಲ ಕಣೋ, ನನ್ನ ಮಗಳದ್ದು."